ಅಪ್ಪನ ಕಾರ್ಖಾನೆಗೆ ಹೊರಗಿನಿಂದ ಸಿಇಒ ತಂದರೆ ಎಲೆಕ್ಟ್ರಿಕ್ ಗಾಡಿ ಕಾಲದಲ್ಲಿ ಉಳಿಯಬಹುದಾ?

ಮಂಡ್ಯ ಹತ್ತಿರದ ತೂಬಿನಕೆರೆಯಲ್ಲಿ ನಿಮ್ಮ ಅಪ್ಪನದು ತಗಡು ಒತ್ತಿ ಬೈಕಿನ ಕ್ಲಚ್ ಪ್ಲೇಟ್ ಹೊಡೆಯುವ ಪ್ರೆಸ್ ಶಾಪ್, ಅರವತ್ತು ಜನ, ಆರ್ಡರ್ ಚೆನ್ನಾಗಿದೆ, ಹೊಸ ಪ್ರೆಸ್‌ಗೆ ಬ್ಯಾಂಕು ಸಾಲ ಕೊಡುತ್ತೇನೆ ಅನ್ನುತ್ತಿದೆ. ಆದರೆ ಎಲೆಕ್ಟ್ರಿಕ್ ಸ್ಕೂಟರಿಗೆ ಕ್ಲಚ್ಚೇ ಇಲ್ಲ, ಅದಕ್ಕೆ ಬೆಂಗಳೂರಿನಿಂದ ಇವಿ, ಎಐ ಎಲ್ಲ ಗೊತ್ತಿರುವ ಸಿಇಒ ತರೋಣವಾ ಅಂತ ಕೇಳಿದ್ದೀರಿ. ಇದರಲ್ಲಿ ನನಗೆ ಭಯ ಹುಟ್ಟಿಸಿದ್ದು "ಆರ್ಡರ್ ಚೆನ್ನಾಗಿದೆ" ಅನ್ನುವ ಮಾತು. ಸಿಇಒ ಬೇಡ. ಆ ಪ್ರೆಸ್ಸೂ ಈಗಲೇ ಬೇಡ. ಯಾಕೆ ಅಂತ ಹೇಳಬೇಕಾದರೆ ನಮ್ಮ ಕಥೆಯನ್ನೇ ಹೇಳಬೇಕು, ಸ್ವಲ್ಪ ಉದ್ದ ಇದೆ.

ನಮ್ಮದು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಒಂದು ಚಿಕ್ಕ ಯೂನಿಟ್. ಅಪ್ಪ ಹಳೆಯ ಟ್ರಾಬ್ ಮೆಷೀನ್, ಅಂದರೆ ಸಣ್ಣ ಲೋಹದ ಪಾರ್ಟು ಕಡೆಯುವ ಲೇತ್, ತಂದು ಶುರು ಮಾಡಿದ್ದು. ಎಂಜಿನ್ನಿಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಕಾರ್ಬುರೇಟರ್ ಒಳಗೆ ಕೂರುವ ಹಿತ್ತಾಳೆ ಜೆಟ್ ನಮ್ಮ ಕಸುಬು. ಬೆರಳ ತುದಿಯ ಮೇಲೆ ನಿಲ್ಲುವಷ್ಟು ಚಿಕ್ಕ ತುಂಡು, ನಡುವೆ ಒಂದು ಸಣ್ಣ ತೂತು. ಆ ತೂತಿನ ಅಳತೆ ತಪ್ಪಿದರೆ ಗಾಡಿ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಇಲ್ಲ ಎಳೆಯುವುದೇ ಇಲ್ಲ. ಆ ಅಳತೆ ಹಿಡಿಯುವುದರಲ್ಲಿ ನಮ್ಮ ಸೆಟ್ಟರ್‌ಗಳಿಗೆ, ಅಂದರೆ ಮೆಷೀನ್ ಹೊಂದಿಸುವವರಿಗೆ, ಒಳ್ಳೆಯ ಹೆಸರಿತ್ತು. ನಾನು ಡಿಪ್ಲೊಮಾ ಮುಗಿಸಿ ಬಂದು ನಿಧಾನವಾಗಿ ಕಂಪನಿ ನೋಡಿಕೊಳ್ಳತೊಡಗಿದೆ. ಕಾರ್ಡಿನಲ್ಲಿ ಮ್ಯಾನೇಜಿಂಗ್ ಡೈರೆಕ್ಟರ್ ಅಂತ ಇತ್ತು. ಕೊಟೇಶನ್ನಿನಿಂದ ಹಿಡಿದು ಪಿಎಫ್ ಚಲನ್‌ವರೆಗೆ ಎಲ್ಲವೂ ನಾನೇ.

2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಒಂದು ಘೋಷಣೆ ಮಾಡಿತು. ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್ (ಭಾರತ್ ಸ್ಟೇಜ್) ನಿಯಮಗಳಲ್ಲಿ ಬಿಎಸ್-4 ಆದ ಮೇಲೆ ಬಿಎಸ್-5 ಇರುವುದಿಲ್ಲ, 2020ರ ಏಪ್ರಿಲ್ 1ರಿಂದ ನೇರವಾಗಿ ಬಿಎಸ್-6. ಹೊಗೆಯ ಮಿತಿ ಅಷ್ಟು ಬಿಗಿಯಾದರೆ ಪೆಟ್ರೋಲನ್ನು ಕಂಪ್ಯೂಟರ್ ಲೆಕ್ಕದಲ್ಲಿ ಚಿಮ್ಮಿಸಬೇಕಾಗುತ್ತದೆ. ಅಂದರೆ ಫ್ಯೂಯೆಲ್ ಇಂಜೆಕ್ಷನ್. ಅಂದರೆ ಕಾರ್ಬುರೇಟರ್ ಇಲ್ಲ. ಕಾರ್ಬುರೇಟರ್ ಇಲ್ಲ ಅಂದರೆ ಜೆಟ್ ಇಲ್ಲ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ, ನೀಟಾಗಿ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು. ನಮ್ಮ ಸೆಟ್ಟರ್‌ಗಳು ಊಟದ ಹೊತ್ತಲ್ಲಿ ಮಾತಾಡಿಕೊಳ್ಳುತ್ತಿದ್ದರು. ನಿಮ್ಮ ಪ್ರಶ್ನೆಯಲ್ಲಿ ನಾನು ಒಪ್ಪದ ಜಾಗ ಇದೇ. ತಂತ್ರಜ್ಞಾನ ಗೊತ್ತಿರುವ ಒಬ್ಬರು ಕುರ್ಚಿಯಲ್ಲಿ ಕೂತರೆ ಕಂಪನಿ ಉಳಿಯುತ್ತದೆ ಅಂದುಕೊಂಡಿದ್ದೀರಿ. ಗೊತ್ತಿದ್ದೂ ಮುಳುಗಿದವರೇ ಜಾಸ್ತಿ. ಟೈಟಾನ್ ಬರುವುದಕ್ಕೂ ಮುಂಚೆಯೇ ಎಚ್‌ಎಂಟಿ ಬ್ಯಾಟರಿಯಲ್ಲಿ ನಡೆಯುವ ಕ್ವಾರ್ಟ್ಜ್ ವಾಚ್ ಮಾಡಿತ್ತು. ಬೆಂಗಳೂರು, ತುಮಕೂರಿನಲ್ಲಿ ಅಂಥ ಕೈಗಳಿದ್ದವು, ಮಾಡಲು ಬರುತ್ತಿತ್ತು. ಆದರೆ ಕೀ ಕೊಡುವ ವಾಚಿಗೆ ಜನ ಇನ್ನೂ ಕ್ಯೂ ನಿಲ್ಲುತ್ತಿದ್ದರಲ್ಲ, ದುಡ್ಡು ಮತ್ತು ಗಮನ ಅಲ್ಲೇ ಉಳಿಯಿತು. 1984ರಲ್ಲಿ ಹುಟ್ಟಿದ ಟೈಟಾನ್ ಹೊಸೂರಿನಲ್ಲಿ ಕೂತು ಕ್ವಾರ್ಟ್ಜನ್ನೇ ನಂಬಿ ಮಾರುಕಟ್ಟೆ ತೆಗೆದುಕೊಂಡಿತು. ನಮ್ಮ ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆ ಕೂಡ ಹಾಗೇ. 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಎಂಜಿನ್ ಬಲ್ಲವರು ಅಲ್ಲಿ ಕಡಿಮೆ ಇದ್ದರು ಅಂತ ಮೈಸೂರಿನಲ್ಲಿ ಯಾರೂ ಹೇಳುವುದಿಲ್ಲ.

ಈಗ ನಾವು ಮಾಡಿದ ತಪ್ಪು. ಇದನ್ನು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನೀವು ಅದೇ ಬಾಗಿಲಲ್ಲಿ ನಿಂತಿದ್ದೀರಿ.

ಘೋಷಣೆಯಾದ ಮೇಲೆ ನಮ್ಮ ಆರ್ಡರ್ ಬೀಳಲಿಲ್ಲ, ಏರಿತು. 2016ರ ನವೆಂಬರ್‌ನಲ್ಲಿ ನೋಟು ರದ್ದಾಗಿ ಸ್ವಲ್ಪ ತಿಂಗಳು ಒದ್ದಾಡಿದೆವು, ಮರು ವರ್ಷ ಜುಲೈನಲ್ಲಿ ಜಿಎಸ್‌ಟಿ ಬಂದು ಇನ್ನಷ್ಟು ಗೊಂದಲ ಆಯಿತು, ಅದೆಲ್ಲ ದಾಟಿದ ಮೇಲೆ ಗಾಡಿಗಳ ಮಾರಾಟ ಜೋರಾಯಿತು. 2018-19ರಲ್ಲಿ ದೇಶದೊಳಗೆ ಮಾರಾಟವಾದ ದ್ವಿಚಕ್ರ ವಾಹನ 2 ಕೋಟಿ 11 ಲಕ್ಷ. ಅಷ್ಟು ಗಾಡಿ ಅದಕ್ಕೂ ಮುಂಚೆ ಯಾವತ್ತೂ ಮಾರಾಟವಾಗಿರಲಿಲ್ಲ. ನಮ್ಮ ಗ್ರಾಹಕ ಕಂಪನಿಯ ಶೆಡ್ಯೂಲ್ ತಿಂಗಳು ತಿಂಗಳು ಹೆಚ್ಚಾಗುತ್ತಿತ್ತು. ಇನ್ನೊಂದು ವಿಷಯ ನಮಗೆ ಆಗ ಹೊಳೆಯಲಿಲ್ಲ. ಆ ಹೊತ್ತಿಗೆ ಕೆಲವು ವೆಂಡರ್‌ಗಳು ಮೆಲ್ಲಗೆ ಜೆಟ್ ಕೆಲಸ ಬಿಟ್ಟು ಬೇರೆ ಕಡೆ ಹೋಗುತ್ತಿದ್ದರು, ಅವರ ಪಾಲು ನಮಗೆ ಬರುತ್ತಿತ್ತು. ನಾವು ಅದನ್ನು ನಮ್ಮ ಕ್ವಾಲಿಟಿಗೆ ಸಿಕ್ಕ ಬೆಲೆ ಅಂದುಕೊಂಡೆವು. ಸಾಯುವ ಪಾರ್ಟಿನ ಆರ್ಡರ್ ಕೊನೆಯಲ್ಲಿ ಜಾಸ್ತಿಯಾಗುತ್ತದೆ. ನಿಮ್ಮ ಕ್ಲಚ್ ಪ್ಲೇಟಿನ ಆರ್ಡರ್ ಹೆಚ್ಚಾಗಿದ್ದರೆ ಮೊದಲು ಕೇಳಬೇಕಾದ್ದು, ಗಾಡಿ ಜಾಸ್ತಿ ಮಾರಾಟವಾಗಿ ಹೆಚ್ಚಾಯಿತಾ, ಅಥವಾ ಪಕ್ಕದವನು ಬಿಟ್ಟು ಹೋಗಿದ್ದಕ್ಕಾ?

ವೆಂಡರ್ ಮೀಟಿಂಗಿನಲ್ಲಿ ಗ್ರಾಹಕ ಕಂಪನಿಯವರು ಎರಡು ಮಾತು ಹೇಳಿದರು. 2020ಕ್ಕೆ ಇಂಜೆಕ್ಷನ್ ಬರುತ್ತದೆ, ರೆಡಿಯಾಗಿ. ಆದರೆ ಚಿಕ್ಕ ಬೈಕುಗಳಲ್ಲಿ ಎಲೆಕ್ಟ್ರಾನಿಕ್ ಕಾರ್ಬುರೇಟರ್ ಉಳಿಯಬಹುದು, ಎಕ್ಸ್‌ಪೋರ್ಟ್ ಹೇಗೂ ಇರುತ್ತದೆ. ನಾನು ಎರಡನೆಯ ಮಾತನ್ನು ಮನೆಗೆ ತಂದೆ. ಅಪ್ಪ "ಎಕ್ಸ್‌ಪೋರ್ಟ್ ಇದ್ದೇ ಇರುತ್ತಪ್ಪ, ಆಫ್ರಿಕಾದವರು ಎಲ್ಲಿ ಇಂಜೆಕ್ಷನ್ ಹಾಕ್ತಾರೆ" ಅಂದರು. ನಾನೂ ಹೂಂ ಅಂದೆ.

ಗ್ರಾಹಕರು ಪ್ರತಿ ವರ್ಷ ಬೆಲೆ ಇಳಿಸು ಅನ್ನುತ್ತಿದ್ದರು. ಟ್ರಾಬ್‌ನಲ್ಲಿ ಇಳಿಸಲು ಆಗುವುದಿಲ್ಲ. ಹಾಗಾಗಿ 2017ರ ಕೊನೆಯಲ್ಲಿ ಎರಡು ಸ್ಲೈಡಿಂಗ್ ಹೆಡ್ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಪ್ರೋಗ್ರಾಂನಲ್ಲಿ ಓಡುವ ಲೇತ್, ತಂದೆವು. ಏಳು ವರ್ಷದ ಸಾಲ. ಶೆಡ್ಡು, ಜಾಗ ಎರಡೂ ಬ್ಯಾಂಕಿಗೆ ಅಡ. ನಾನು ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿದ್ದೆ: ಒಂದು ಪೀಸಿಗೆ ಎಷ್ಟು ಸೆಕೆಂಡ್, ರಿಜೆಕ್ಷನ್ ಎಷ್ಟು ಕಡಿಮೆ, ಒಬ್ಬ ಆಪರೇಟರ್ ಎಷ್ಟು ಮೆಷೀನ್ ನೋಡಬಹುದು, ಇಎಂಐ ತೆಗೆದ ಮೇಲೆ ಪೀಸಿಗೆ ಎಷ್ಟು ಪೈಸೆ ಉಳಿಯುತ್ತದೆ. ಎಲ್ಲ ಸರಿ ಇತ್ತು. ಆಡಿಟರ್ ನೋಡಿದರು, ಬ್ಯಾಂಕಿನವರು ನೋಡಿದರು, ಯಾರೂ ತಪ್ಪು ಹಿಡಿಯಲಿಲ್ಲ. ಆ ಶೀಟಿನಲ್ಲಿ ಒಂದು ಕಾಲಂ ಇರಲಿಲ್ಲ, ಅಷ್ಟೆ. ಈ ಪಾರ್ಟು ಎಷ್ಟು ವರ್ಷ ಬದುಕುತ್ತದೆ ಅನ್ನುವ ಕಾಲಂ. ಏಳು ವರ್ಷದ ಸಾಲವನ್ನು ಎರಡು ವರ್ಷ ಚಿಲ್ಲರೆ ಆಯಸ್ಸಿನ ಪಾರ್ಟಿನ ತಲೆಗೆ ಕಟ್ಟಿದ್ದೆವು.

ಮೆಷೀನ್ ಕೆಟ್ಟದ್ದಲ್ಲ. ಸಿಎನ್‌ಸಿಯಲ್ಲಿ ಪ್ರೋಗ್ರಾಂ ಬದಲಾಯಿಸಿದರೆ ಬೇರೆ ಪಾರ್ಟ್ ಮಾಡಬಹುದು, ನಾವೂ ಹಾಗೇ ಸಮಾಧಾನ ಮಾಡಿಕೊಂಡಿದ್ದೆವು. ಆದರೆ ದುಡ್ಡು ಉಳಿಸಲು ನಾನು ತೆಗೆದುಕೊಂಡಿದ್ದು 12 ಎಂಎಂ ದಪ್ಪದವರೆಗಿನ ಬಾರ್ (ಲೋಹದ ಸರಳು) ಹಿಡಿಯುವ ಮೆಷೀನ್. ಜೆಟ್‌ಗೆ ಅದು ಧಾರಾಳ ಸಾಕು. 20 ಎಂಎಂ ಮೆಷೀನಿಗೆ ಬೆಲೆ ಜಾಸ್ತಿ, ಸುಮ್ನೆ ಯಾಕೆ ಅಂತ ಬಿಟ್ಟೆ. ಆಮೇಲೆ ಗ್ಯಾಸ್ ವಾಲ್ವ್ ಪಾರ್ಟು, ಸೆನ್ಸರ್ ಬಾಡಿ, ದೊಡ್ಡ ಕನೆಕ್ಟರ್ ಪಿನ್ ಅಂತ ವಿಚಾರಣೆಗಳು ಬಂದಾಗ ಹೆಚ್ಚಿನವು 12 ದಾಟುತ್ತಿದ್ದವು. ನಾಳೆಯ ಕೆಲಸಕ್ಕೂ ಬರುವಂಥ ಮೆಷೀನ್ ಬಿಟ್ಟು ಇವತ್ತಿನ ಕೆಲಸಕ್ಕೆ ಅಳತೆ ಹೊಲಿಸಿದ ಅಂಗಿಯಂತೆ ತಂದಿದ್ದೆ.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದಿದ್ದು ಸಾಲದ ಶಕ್ತಿಗೆ. 2019ರಲ್ಲಿ ಕಣ್ಣು ತೆರೆದು, ಹೊಸ ಪಾರ್ಟಿಗೆ ಟೂಲಿಂಗ್ ಮಾಡಬೇಕು, ಟ್ರಯಲ್ ಮಾಡಬೇಕು, ಹೊಸ ಗ್ರಾಹಕರ ಅಪ್ರೂವಲ್ ಬರುವವರೆಗೆ ತಿಂಗಳುಗಟ್ಟಲೆ ಕಾಯಬೇಕು ಅಂತ ಬ್ಯಾಂಕಿಗೆ ಹೋದರೆ ಅಡ ಇಡಲು ಏನೂ ಉಳಿದಿರಲಿಲ್ಲ. ಕಂಪನಿ ನಡೆಸುವವರಿಗೆ ಬದಲಾಗಲು ಸಿಗುವ ಸಾಲ ಹೆಚ್ಚುಕಡಿಮೆ ಒಂದೇ ಸಲ. ಆ ಒಂದು ಸಲವನ್ನು ನಾವು ಹಳೆಯದನ್ನೇ ಇನ್ನೂ ಜೋರಾಗಿ ಮಾಡಲು ಖರ್ಚು ಮಾಡಿದ್ದೆವು.

ಆರ್ಥಿಕತೆ ಕೂಡ ಕಾಯಲಿಲ್ಲ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಒಟ್ಟಿಗೇ ಕಟ್ಟಬೇಕು ಅಂತ ಆಯಿತು, ಆನ್ ರೋಡ್ ಬೆಲೆ ಏರಿತು. ಅದೇ ತಿಂಗಳು ಐಎಲ್ ಆ್ಯಂಡ್ ಎಫ್‌ಎಸ್ ಅನ್ನುವ ದೊಡ್ಡ ಫೈನಾನ್ಸ್ ಕಂಪನಿ ಕುಸಿದು ಉಳಿದ ಫೈನಾನ್ಸ್ ಕಂಪನಿಗಳು ಸಾಲ ಕೊಡುವುದನ್ನು ಬಿಗಿ ಮಾಡಿದವು. ಹಳ್ಳಿ ಕಡೆ ಬೈಕು ಕೊಳ್ಳುವವರು ಹೆಚ್ಚಿನವರು ಕಂತಿನಲ್ಲೇ ತಾನೆ ಕೊಳ್ಳುವುದು? 2019-20ರಲ್ಲಿ ಮಾರಾಟ 1 ಕೋಟಿ 74 ಲಕ್ಷಕ್ಕೆ ಇಳಿಯಿತು. ಬಿಎಸ್-4 ಸ್ಟಾಕ್ ಉಳಿಯಬಾರದು ಅಂತ ಕಂಪನಿಗಳು ಉತ್ಪಾದನೆ ಮುಂಚೆಯೇ ಕಡಿಮೆ ಮಾಡಿದವು. ನಮ್ಮ ಶೆಡ್ಯೂಲ್ ಮೊದಲು ಅರ್ಧ, ಆಮೇಲೆ ಕಾಲು. ಮಾರ್ಚ್ ಕೊನೆಗೆ ಲಾಕ್‌ಡೌನ್, ಏಪ್ರಿಲ್ 1ಕ್ಕೆ ಬಿಎಸ್-6. ಕೆಲವು ಚಿಕ್ಕ ಬೈಕು ಬಿಟ್ಟರೆ ಎಲ್ಲವೂ ಇಂಜೆಕ್ಷನ್. ಎಕ್ಸ್‌ಪೋರ್ಟ್ ಉಳಿಯಿತು, ನಿಜ. ಆದರೆ ಅದು ನಮ್ಮ ಇಎಂಐ ಕಟ್ಟುವಷ್ಟು ಇರಲಿಲ್ಲ.

ಬೋಗಾದಿಯಲ್ಲಿದ್ದ ಸೈಟು ಮಾರಿದೆವು. ರಿಸರ್ವ್ ಬ್ಯಾಂಕಿನ ಕಂತು ವಿನಾಯಿತಿ ಆಗಸ್ಟ್‌ವರೆಗೆ ಉಸಿರು ಕೊಟ್ಟಿತು, ಕೇಂದ್ರದ ತುರ್ತು ಸಾಲ ಯೋಜನೆಯಲ್ಲಿ ಬಾಕಿ ಸಾಲದ ಶೇ 20ರಷ್ಟು ಸಿಕ್ಕಿತು. ಜನರನ್ನು ಕಳಿಸಬೇಕಾಯಿತು. ನಾನು ಚಿಕ್ಕವನಿದ್ದಾಗಿನಿಂದ ಇದ್ದ ಸೆಟ್ಟರ್ ಒಬ್ಬರು ಲೆಕ್ಕ ಚುಕ್ತಾ ಮಾಡಿಕೊಳ್ಳಲು ಬಂದಾಗ "ನಿಮಗೆ ನಾಲ್ಕು ವರ್ಷ ಮೊದ್ಲೇ ಗೊತ್ತಿತ್ತಲ್ವಾ ಸಾರ್? ಆವಾಗ್ಲೇ ನಮಗೂ ಕೂರಿಸಿ ಹೇಳಿದ್ದಿದ್ರೆ ನಾನು ಪ್ರೋಗ್ರಾಮಿಂಗ್ ಕಲೀತಿದ್ದೆ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಊಟದ ಹೊತ್ತಿನ ಮಾತು ಏನೇ ಇರಲಿ, ನಾವಾಗಿ ಹೇಳಿದರೆ ಕೆಲಸಗಾರರು ಹೆದರಿ ಬಿಟ್ಟು ಹೋಗುತ್ತಾರೆ ಅಂತ ಬಾಯಿ ಬಿಟ್ಟಿರಲಿಲ್ಲ. ಹೇಳಿದ್ದರೆ ಕೆಲವರು ಹೋಗುತ್ತಿದ್ದರು. ಆದರೆ ಅವರ ಹೊಟ್ಟೆಪಾಡಿನ ವಿಷಯ ಅವರಿಗೆ ಮೊದಲು ಗೊತ್ತಾಗಬೇಕಿತ್ತು. ನಿಮ್ಮ ಅರವತ್ತು ಜನರಿಗೆ ಈಗಲೇ ಹೇಳಿ. ಮುಂದಿನ ತಿಂಗಳು ಅಂತ ಇಟ್ಟುಕೊಳ್ಳಬೇಡಿ.

ಇವತ್ತು ನಾವು ಉಳಿದಿದ್ದೇವೆ, ಚಿಕ್ಕದಾಗಿ. ಸ್ಟೌವ್ ಬರ್ನರ್ ಜೆಟ್, ಸಣ್ಣ ಕಾಂಟ್ಯಾಕ್ಟ್ ಪಿನ್, ಅಂದರೆ 12 ಎಂಎಂ ಒಳಗೆ ಬರುವ ಕೆಲಸ.

ಈಗ ನಿಮ್ಮ ಸಿಇಒ ವಿಷಯ. ಜಪಾನಿನ ಕ್ಯಾಮೆರಾ ಫಿಲ್ಮ್ ಕಂಪನಿ ಫ್ಯೂಜಿಫಿಲ್ಮ್‌ನ ಶಿಗೆತಾಕಾ ಕೊಮೊರಿ ಅವರ ಬಗ್ಗೆ ಓದಿ. ಓದಿದ್ದು ಅರ್ಥಶಾಸ್ತ್ರ, 1963ರಿಂದ ಅದೇ ಕಂಪನಿಯಲ್ಲಿದ್ದವರು, 2003ರಲ್ಲಿ ಸಿಇಒ ಆದರು. ಕ್ಯಾಮೆರಾ ಫಿಲ್ಮ್ ಮಾರಾಟ 2000ದ ಹೊತ್ತಿಗೆ ತುದಿ ಮುಟ್ಟಿ ಬೀಳಲು ಶುರುವಾಗಿತ್ತು. ಲಾಭದ ದೊಡ್ಡ ಪಾಲು ಫಿಲ್ಮ್‌ನಿಂದಲೇ ಬರುತ್ತಿತ್ತು. ಅವರು ಆ ದುಡ್ಡನ್ನು ತೆಗೆದು ಎಲ್‌ಸಿಡಿ ಪರದೆಗೆ ಬೇಕಾದ ಫಿಲ್ಮ್ ಮಾಡುವ ಘಟಕಗಳಿಗೆ ಹಾಕಿದರು. ಫಿಲ್ಮ್ ಕೆಲಸದಲ್ಲಿ ಕೊಲಾಜೆನ್ ಬಗ್ಗೆ ಇದ್ದ ತಿಳಿವಳಿಕೆ ಹಿಡಿದು 2007ರಲ್ಲಿ ಚರ್ಮಕ್ಕೆ ಹಚ್ಚುವ ಕ್ರೀಮ್ ಕೂಡ ತಂದರು. ಫಿಲ್ಮ್ ವಿಭಾಗದಲ್ಲಿ ಸಾವಿರಾರು ಜನರ ಕೆಲಸ ಹೋಯಿತು, ಅದನ್ನು ನಾನು ಹೊಗಳುವುದಿಲ್ಲ. ನಾನು ಹೇಳುವುದು ಇಷ್ಟೆ, ಅವರು ಇನ್ನೂ ಗಳಿಸುತ್ತಿರುವ ಕೆಲಸದಿಂದ ದುಡ್ಡು ಎತ್ತಿ, ಕೈಗೆ ಬರುವ ಇನ್ನೊಂದು ಕೆಲಸದ ಮೇಲೆ ಹಾಕಿದರು. ಇದನ್ನು ಮಾಡಲು ಅಧಿಕಾರ ಬೇಕು, ಮನೆಯಲ್ಲಿ ಜಗಳ ಆಡುವ ಧೈರ್ಯವೂ ಬೇಕು. ಬೆಂಗಳೂರಿನಿಂದ ಸಂಬಳಕ್ಕೆ ಬಂದವರು ನಿಮ್ಮ ಅಪ್ಪನ ಎದುರು ಕೂತು "ಕ್ಲಚ್ ಪ್ಲೇಟಿಗೆ ಇನ್ನು ಒಂದು ರೂಪಾಯಿ ಹಾಕಬೇಡಿ" ಅನ್ನಲು ಆಗುತ್ತದಾ? ಅಂದರೂ ಅವರು ಕೇಳುತ್ತಾರಾ? ಅದನ್ನು ನೀವೇ ಹೇಳಬೇಕು.

ಪ್ರೆಸ್ ಅಂದರೆ ಕ್ಲಚ್ ಪ್ಲೇಟ್ ಮಾತ್ರ ಅಲ್ಲ. ಬ್ಯಾಟರಿ ಪ್ಯಾಕ್ ಒಳಗೆ ತಾಮ್ರದ, ಅಲ್ಯೂಮಿನಿಯಂನ ಬಸ್‌ಬಾರ್ (ಕರೆಂಟು ಸಾಗಿಸುವ ಪಟ್ಟಿ) ಇರುತ್ತದೆ, ಅದನ್ನೂ ಪ್ರೆಸ್‌ನಲ್ಲೇ ಹೊಡೆಯುವುದು. ಮೋಟಾರಿನ ಲ್ಯಾಮಿನೇಶನ್ನೂ (ಒಳಗೆ ಜೋಡಿಸುವ ತೆಳು ಉಕ್ಕಿನ ಹಾಳೆಗಳು) ಸ್ಟ್ಯಾಂಪಿಂಗೇ, ಆದರೆ ಅದಕ್ಕೆ ಹೈಸ್ಪೀಡ್ ಪ್ರೆಸ್, ದುಬಾರಿ ಡೈ (ಅಚ್ಚು) ಎಲ್ಲ ಬೇಕು, ನಿಮ್ಮ ಗಾತ್ರಕ್ಕೆ ಅದು ಈಗಲೇ ಆಗದ ಮಾತು. ಬ್ರಾಕೆಟ್, ಬ್ರೇಕಿನ ತಗಡಿನ ಪಾರ್ಟುಗಳು ಎಲೆಕ್ಟ್ರಿಕ್ ಗಾಡಿಗೂ ಬೇಕು. ನಿಮ್ಮ ಟೂಲ್ ರೂಮಿನ ಅತಿ ಒಳ್ಳೆಯ ಡೈ ಮೇಕರ್ ಯಾರೋ, ಅವರನ್ನು ಕ್ಲಚ್ ಲೈನಿನಿಂದ ತೆಗೆದು ಇದಕ್ಕೆ ಹಾಕಿ. ಎರಡನೆಯ ಒಳ್ಳೆಯವರನ್ನಲ್ಲ. ಅಪ್ಪ ಬೇಡ ಅನ್ನುತ್ತಾರೆ, ರಿಜೆಕ್ಷನ್ ಜಾಸ್ತಿಯಾಗುತ್ತೆ ಅನ್ನುತ್ತಾರೆ. ಸ್ವಲ್ಪ ಜಾಸ್ತಿಯಾಗುತ್ತದೆ, ಆಗಲಿ.

ಎಐ ಬಗ್ಗೆ ಸದ್ಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಪಾರ್ಟಿನ ಗೀರು, ಬರ್ (ಅಂಚಿನಲ್ಲಿ ಉಳಿಯುವ ಚೂಪು) ಹಿಡಿಯುವ ಕ್ಯಾಮೆರಾ ತಪಾಸಣೆ ಮುಂದೆ ಉಪಯೋಗಕ್ಕೆ ಬರಬಹುದು. ಏನು ಮಾಡಬೇಕು ಅನ್ನುವುದೇ ಗೊತ್ತಿಲ್ಲದಾಗ ಅದನ್ನು ಬೇಗ ತಪಾಸಣೆ ಮಾಡಿ ಏನು ಪ್ರಯೋಜನ?

ಸಾಲದ ಪೇಪರಿಗೆ ಸಹಿ ಹಾಕುವುದನ್ನು ಅಪ್ಪನಿಗೆ ಹೇಳಿ ತಡೆಯಿರಿ. ನಿಮ್ಮ ಪಾರ್ಟುಗಳ ಪಟ್ಟಿ ತೆಗೆದು ಪ್ರತಿಯೊಂದರ ಎದುರು ಯಾವ ಗಾಡಿಗೆ ಹೋಗುತ್ತದೆ, ಆ ಗಾಡಿ ಎಷ್ಟು ವರ್ಷ ಇರುತ್ತದೆ ಅಂತ ಬರೆಯಿರಿ. ಗೊತ್ತಿಲ್ಲದಿದ್ದರೆ ಗ್ರಾಹಕರ ಪರ್ಚೇಸ್ ವಿಭಾಗ ಬಿಟ್ಟು ಡಿಸೈನ್ ವಿಭಾಗದವರನ್ನು ಕೇಳಿ, ಪರ್ಚೇಸ್‌ನವರಿಗೆ ಈ ವರ್ಷದ ಪೀಸು ಬೇಕು, ಅವರು ಹೇಳುವುದಿಲ್ಲ. ಆಮೇಲೂ ಪ್ರೆಸ್ ಬೇಕು ಅನ್ನಿಸಿದರೆ, ಟನ್ನೇಜ್ (ಒತ್ತುವ ಶಕ್ತಿ) ಎಷ್ಟು, ಬೆಡ್ ಅಳತೆ ಎಷ್ಟು ಅನ್ನುವುದನ್ನು ಆ ಬಸ್‌ಬಾರ್, ಬ್ರಾಕೆಟ್ ಡ್ರಾಯಿಂಗ್ ಮುಂದಿಟ್ಟುಕೊಂಡು ತೀರ್ಮಾನ ಮಾಡಿ. ನನ್ನ 2017ರ ಎಕ್ಸೆಲ್ ಶೀಟ್ ಇನ್ನೂ ಇದೆ. ಬೇಕಿದ್ದರೆ ಮೆಸೇಜ್ ಮಾಡಿ, ಅಪ್ಪನನ್ನೂ ಕರೆದುಕೊಂಡು ಬನ್ನಿ, ಸಾಲು ಸಾಲಾಗಿ ತೋರಿಸುತ್ತೇನೆ.