24 ಗಂಟೆಯ ಕ್ಯಾಷುವಾಲ್ಟಿ ಡ್ಯೂಟಿಗೆ ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವುದು ಹೇಗೆ?

ಎಂ.ಬಿ.ಬಿ.ಎಸ್. ಮುಗಿಸಿ ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದರ ಕ್ಯಾಷುವಾಲ್ಟಿ, ಅಂದರೆ ತುರ್ತು ಚಿಕಿತ್ಸಾ ವಿಭಾಗ, ಸೇರಲು ಹೊರಟಿದ್ದೀರಿ. ರಕ್ತ, ಸಾವು, ಗಲಾಟೆ ಎಲ್ಲವನ್ನೂ ತಾಳಿಕೊಳ್ಳುವ ಗಟ್ಟಿ ಮನಸ್ಸು ಬೇಕೆನ್ನುತ್ತೀರಿ. ನಾನು ಇದೇ ಊರಿನಲ್ಲಿ ಇದೇ ಕೆಲಸಕ್ಕೆ ಸೇರುವಾಗ ಹಿರಿಯ ವೈದ್ಯರೊಬ್ಬರನ್ನು ಇದನ್ನೇ ಕೇಳಿದ್ದೆ. "ಸ್ವಲ್ಪ ದಿನ ಕಳೆಯಲಿ, ಎಲ್ಲ ಅಭ್ಯಾಸವಾಗುತ್ತದೆ" ಎಂದಿದ್ದರು. ಅವರು ಹೇಳಿದಂತೆಯೇ ಆಯಿತು, ನನ್ನ ತೊಂದರೆ ಶುರುವಾದದ್ದೂ ಅಲ್ಲಿಂದಲೇ.

ರಕ್ತದ ಹೆದರಿಕೆ ಹೋಗಲು ಹೆಚ್ಚು ಕಾಲ ಬೇಕಿಲ್ಲ. ಪುಣೆ–ಬೆಂಗಳೂರು ಹೆದ್ದಾರಿ ಊರಿನ ಮಗ್ಗುಲಲ್ಲೇ ಹಾದುಹೋಗುತ್ತದೆ. ನಸುಕಿನಲ್ಲಿ ಚಾಲಕ ತೂಕಡಿಸಿ, ರಸ್ತೆಯಂಚಿಗೆ ಕೆಟ್ಟು ನಿಂತ ಲಾರಿಯ ಹಿಂಬದಿಗೆ ಗುದ್ದಿದ ವಾಹನದವರನ್ನು 108ರವರು ತಂದಿಳಿಸಿದಾಗ ಹೆದರುವುದಕ್ಕೆ ನಿಮಗೆ ಪುರುಸೊತ್ತೇ ಇರುವುದಿಲ್ಲ. ಉಸಿರಿನ ದಾರಿ, ಉಸಿರಾಟ, ರಕ್ತಸ್ರಾವ ಎಂಬ ಕ್ರಮ ಇಂಟರ್ನ್‌ಶಿಪ್‌ನಲ್ಲೇ ಕೈಗೆ ಹತ್ತಿರುತ್ತದೆ, ಸಿಸ್ಟರ್‌ಗಳು ನಿಮಗಿಂತ ಚುರುಕಾಗಿರುತ್ತಾರೆ, ಕೂಗುವ ರೋಗಿಯ ಸುತ್ತ ಎಲ್ಲರೂ ತಾವಾಗಿಯೇ ಸೇರುತ್ತಾರೆ. ನನ್ನ ಕೆಲಸ ಹೋದದ್ದು ಕೂಗದೆ ಮಲಗಿದ್ದ ಒಬ್ಬ ಹುಡುಗನಿಂದ.

ಜಗಳೂರು ಕಡೆಯ ಹುಡುಗ, ಇಪ್ಪತ್ತರ ಆಸುಪಾಸು. ಮೆಕ್ಕೆಜೋಳಕ್ಕೆ ಹೊಡೆದು ಉಳಿದ ಔಷಧಿಯನ್ನು ಯಾರೋ ಕೂಲ್‌ಡ್ರಿಂಕ್ಸ್ ಬಾಟಲಿಗೆ ಬಗ್ಗಿಸಿ ಪಂಪ್‌ಸೆಟ್ ಮನೆಯ ಗೂಡಿನಲ್ಲಿಟ್ಟಿದ್ದರು. ಸಂಜೆಗತ್ತಲಲ್ಲಿ ಬಾಯಾರಿದ ಇವನು ಅದನ್ನೆತ್ತಿ ಕುಡಿದಿದ್ದ. ಆರ್ಗನೊಫಾಸ್ಫೇಟ್ ಗುಂಪಿನ ಕ್ರಿಮಿನಾಶಕ. ಕರೆತಂದಾಗ ಬಾಯಲ್ಲಿ ನೊರೆ, ಎದೆಯಲ್ಲಿ ಗೊರಗೊರ ಸದ್ದು, ಕಣ್ಣಿನ ಪಾಪೆಗಳು ಸೂಜಿಮೊನೆಯಷ್ಟು, ಅಂಗಿಯೆಲ್ಲ ಬೆವರಿನಲ್ಲಿ ತೊಯ್ದಿತ್ತು. ಸಿಸ್ಟರ್ ಬಟ್ಟೆ ತೆಗೆಸಿ ಸೋಪುನೀರಿನಲ್ಲಿ ಮೈ ತೊಳೆಸಿದರು. ನಾನು ಈ ವಿಷಕ್ಕೆ ಕೊಡುವ ಅಟ್ರೋಪಿನ್ ಎಂಬ ಮದ್ದನ್ನು ಶುರುಮಾಡಿ, ಐದು ನಿಮಿಷಕ್ಕೊಮ್ಮೆ ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಸದ್ದು ನಿಲ್ಲದಿದ್ದರೆ ಪ್ರಮಾಣವನ್ನು ಇಮ್ಮಡಿ ಮಾಡುತ್ತಾ ಹೋದೆ. ನಮ್ಮಲ್ಲಿ ಸಿಗುವ ಸಣ್ಣ ಆಂಪ್ಯೂಲಿನಲ್ಲಿ ಇರುವುದು 0.6 ಮಿಲಿಗ್ರಾಂ ಮಾತ್ರ. ಒಂದಾದ ಮೇಲೊಂದು ಒಡೆದು ಸಿಸ್ಟರ್ ಬೆರಳಿಗೆ ಗಾಜು ತಾಗಿ, ಅವರು ಪ್ಲಾಸ್ಟರ್ ಸುತ್ತಿಕೊಂಡೇ ಸಿರಿಂಜ್ ತುಂಬುತ್ತಿದ್ದರು. ನಡುರಾತ್ರಿಯ ಹೊತ್ತಿಗೆ ಎದೆ ತಿಳಿಯಾಯಿತು. ಆ ರಾತ್ರಿಯ ಕೆಲಸದ ಬಗ್ಗೆ ನನಗೆ ಇಂದಿಗೂ ಸಂಕೋಚವಿಲ್ಲ.

ಬೆಳಗ್ಗೆ ನನ್ನನ್ನು ಬಿಡಿಸಬೇಕಿದ್ದವರು ಬರಲಿಲ್ಲ, ಅವರ ಊರಿನಲ್ಲಿ ಯಾರೋ ತೀರಿಕೊಂಡಿದ್ದರು. ಇನ್ನೊಬ್ಬರನ್ನು ಕರೆಸುವ ವ್ಯವಸ್ಥೆ ಇರಲಿಲ್ಲವಾದ್ದರಿಂದ ನಾನೇ ಮುಂದುವರಿದೆ, ಹಾಗೆ ಮುಂದುವರಿಯುವುದರಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು. ಹಗಲಿನಲ್ಲಿ ಫಿಸಿಷಿಯನ್ ಹುಡುಗನನ್ನು ನೋಡಿ, ಐ.ಸಿ.ಯು.ನಲ್ಲಿ ಹಾಸಿಗೆ ಬೇಕಾಗಿದ್ದರಿಂದ ವಾರ್ಡಿಗೆ ಕಳಿಸಿದರು. ಅವನು ಮಾತಾಡುತ್ತಿದ್ದ, ನೀರು ಕೇಳಿದ್ದ. ಎರಡನೆಯ ರಾತ್ರಿಯೂ ಕಳೆದು ನಸುಕಿನಲ್ಲಿ ನಾನು ರೌಂಡ್ಸಿಗೆ ಹೋದಾಗ ಅವನ ತಾಯಿ, "ತಲೆ ಎತ್ತಾಕೆ ಆಗ್ತಿಲ್ಲ ಅಂತಾನೆ ಸಾರ್, ಇನ್ನೊಂದು ದಿಂಬು ಇದ್ರೆ ಕೊಡ್ಸಿ" ಎಂದರು. ಗಂಜಿ ಕುಡಿಸಲು ಅವರು ಅವನ ಕತ್ತಿನ ಕೆಳಗೆ ತಮ್ಮ ಕೈ ಕೊಟ್ಟು ಎತ್ತಿ ಹಿಡಿದಿದ್ದರು, ತಲೆ ಹಿಂದಕ್ಕೆ ಜೋತಿತ್ತು. ನಾನು ಎದೆ ಕೇಳಿಸಿಕೊಂಡೆ, ತಿಳಿಯಾಗಿತ್ತು. ನಾಡಿ ಸರಿಯಿತ್ತು, ಪಾಪೆಗಳು ಹಿಗ್ಗಿದ್ದವು, ರಕ್ತದಲ್ಲಿನ ಆಮ್ಲಜನಕ ಅಳೆಯಲು ಬೆರಳಿಗೆ ಹಾಕಿದ ಯಂತ್ರ ಶೇಕಡಾ 98 ತೋರಿಸುತ್ತಿತ್ತು. "ಸುಸ್ತಮ್ಮ, ಎರಡು ದಿನ ಹಾಗೇ ಇರುತ್ತೆ" ಎಂದು ಹೇಳಿ, ದಿಂಬು ಕೊಡಿಸಿ, ಕೇಸ್ ಶೀಟಿನಲ್ಲಿ ಸ್ಟೇಬಲ್ ಎಂದು ಬರೆದು ಮುಂದಿನ ಹಾಸಿಗೆಗೆ ಹೋದೆ.

ಇದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನೀವು ಕೇಳಿದ ಪ್ರಶ್ನೆಯ ಉತ್ತರ ಇದರಲ್ಲೇ ಇದೆ. ಅಟ್ರೋಪಿನ್ ನೊರೆಯನ್ನು ಒಣಗಿಸುತ್ತದೆ, ಶ್ವಾಸನಾಳವನ್ನು ಸಡಿಲಿಸುತ್ತದೆ, ನಾಡಿಯನ್ನು ಏರಿಸುತ್ತದೆ. ನರ ಬಂದು ಸ್ನಾಯುವನ್ನು ಕೂಡುವ ಜಾಗದಲ್ಲಿ ಅದು ಏನೂ ಮಾಡಲಾರದು, ವಿಷ ಅಲ್ಲಿ ತನ್ನ ಕೆಲಸ ನಡೆಸಿಯೇ ಇರುತ್ತದೆ. ಹಾಗಾಗಿ ವಿಷ ಸೇರಿದ 24ರಿಂದ 96 ಗಂಟೆಗಳ ನಡುವೆ, ಮೊದಲ ಹಾವಳಿ ಇಳಿದು ರೋಗಿ ಮಾತಾಡುತ್ತಿರುವಾಗಲೇ, ಕೆಲವರಲ್ಲಿ ಕತ್ತು, ಭುಜ, ತೊಡೆಗಳ ಸ್ನಾಯುಗಳೂ ಉಸಿರಾಟದ ಸ್ನಾಯುಗಳೂ ಸೋಲತೊಡಗುತ್ತವೆ. ಶ್ರೀಲಂಕಾದ ವೈದ್ಯರಾದ ಸೇನಾನಾಯಕೆ ಮತ್ತು ಕರಲ್ಲಿಯೆದ್ದೆ 1987ರಲ್ಲಿ ಇದನ್ನು ವಿವರಿಸಿ ಇಂಟರ್ಮೀಡಿಯೆಟ್ ಸಿಂಡ್ರೋಮ್ ಎಂದು ಕರೆದರು. ದಿಂಬಿನಿಂದ ತಲೆ ಎತ್ತಲಾಗದಿರುವುದು ಮೊದಲಿಗೇ ಕಾಣಿಸಿಕೊಳ್ಳುವ ಲಕ್ಷಣಗಳಲ್ಲೊಂದು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ, ಅಂತಿಮ ವರ್ಷದ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ.

98ರ ಕಥೆಯೂ ಹಾಗೆಯೇ. ಹುಡುಗನ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಇತ್ತು. ಹೊರಗಿನಿಂದ ಆಮ್ಲಜನಕ ಹರಿಯುತ್ತಿರುವಷ್ಟು ಹೊತ್ತು ಉಸಿರು ಮೇಲುಮೇಲಾಗಿದ್ದರೂ ಆ ಅಂಕಿ ಬೇಗ ಬೀಳುವುದಿಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿರುವುದನ್ನು ಆ ಯಂತ್ರ ತೋರಿಸುವುದೂ ಇಲ್ಲ. ನಾನು ಮಾಡಬೇಕಿದ್ದದ್ದು ಇಷ್ಟೇ: ಹಣೆಯ ಮೇಲೆ ಬೆರಳಿಟ್ಟು "ತಲೆ ಎತ್ತಪ್ಪ" ಎನ್ನುವುದು, ಆಮೇಲೆ ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಲು ಹೇಳುವುದು. ಹದಿನೈದು ದಾಟುವ ಮೊದಲೇ ಉಸಿರು ಕಟ್ಟಿದರೆ ಅಂಥವನು ವಾರ್ಡಿನಲ್ಲಿ ಇರಬಾರದು. ಈ ಎರಡಕ್ಕೂ ಯಂತ್ರ ಬೇಡ, ಖರ್ಚಿಲ್ಲ, ಒಂದು ನಿಮಿಷವೂ ಹಿಡಿಯುವುದಿಲ್ಲ.

ಇಷ್ಟಾಗಿಯೂ ಅವನನ್ನು ಕಾಪಾಡುವ ಇನ್ನೊಂದು ಅವಕಾಶ ಎಂಟು ಗಂಟೆಗೆ ಇತ್ತು. ಬದಲಿ ವೈದ್ಯರು ಬಂದರು. ನಾನು ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲೇ ನಿಂತು, "ಏಳನೇ ಬೆಡ್ ಓ.ಪಿ. ಪಾಯ್ಸನಿಂಗ್, ಸ್ಟೇಬಲ್" ಎಂದೆ (ಓ.ಪಿ. ಎಂದರೆ ಆರ್ಗನೊಫಾಸ್ಫೇಟ್). ಅವರು ರಾತ್ರಿಯೆಲ್ಲ ನಿದ್ದೆ ಮಾಡಿ ಬಂದಿದ್ದರು. "ಹುಡುಗನಿಗೆ ತಲೆ ಎತ್ತಲಾಗುತ್ತಿಲ್ಲವಂತೆ, ತಾಯಿ ಹೇಳಿದರು" ಎಂಬ ಒಂದು ವಾಕ್ಯ ಸೇರಿಸಿದ್ದರೆ ಅವರಿಗೆ ಕೂಡಲೇ ಹೊಳೆಯುತ್ತಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆ ತಾಯಿ ರೋಗನಿರ್ಣಯವನ್ನೇ ನನ್ನ ಕೈಗಿತ್ತಿದ್ದರು. ನಾನು ಅದನ್ನು ದಿಂಬಿನ ಬೇಡಿಕೆಯೆಂದು ತಿಳಿದು ದಿಂಬು ಕೊಟ್ಟು ಮುಗಿಸಿದ್ದೆ, ಮತ್ತು ಯಾರಿಗೂ ದಾಟಿಸಲಿಲ್ಲ. ಅರ್ಥವಾಗದ ಮಾತನ್ನು ನಮ್ಮ ತೀರ್ಮಾನದ ಒಂದು ಪದಕ್ಕೆ ಇಳಿಸಿ ಒಪ್ಪಿಸಿಬಿಟ್ಟರೆ, ಮುಂದೆ ಬಂದವರಿಗೆ ಮರುಯೋಚನೆಗೆ ಏನೂ ಉಳಿಯುವುದಿಲ್ಲ.

ಹತ್ತೂವರೆಯ ಸುಮಾರಿಗೆ ಔಷಧಿ ಕೊಡಲು ಹೋದ ಸಿಸ್ಟರ್‌ಗೆ ಅವನ ತುಟಿ ನೀಲಿಗಟ್ಟಿದ್ದು ಕಂಡಿತು. ಟ್ಯೂಬ್ ಹಾಕಿ ವೆಂಟಿಲೇಟರಿಗೆ ಜೋಡಿಸಿದರು, ಆಮೇಲೆ ಕತ್ತಿನಲ್ಲಿ ರಂಧ್ರವನ್ನೂ ಮಾಡಬೇಕಾಯಿತು. ವೆಂಟಿಲೇಟರ್ ಹೇಗೂ ಬೇಕಾಗುತ್ತಿತ್ತು. ಸಕಾಲಕ್ಕೆ ಹಾಕಿದ್ದರೆ ಮಿದುಳಿಗೆ ಆಮ್ಲಜನಕ ತಪ್ಪುತ್ತಿರಲಿಲ್ಲ. ಅವನು ಬದುಕಿದ, ಆದರೆ ಮಾತು ಮತ್ತು ನೆನಪು ಮೊದಲಿನಂತಾಗಲಿಲ್ಲ. ಮನೆಯವರು ಎತ್ತುಗಳನ್ನು ಮಾರಿದರು. ಆಡಳಿತದವರು ವಿಚಾರಣೆ ನಡೆಸಿ ನನ್ನಿಂದ ರಾಜೀನಾಮೆ ಬರೆಸಿಕೊಂಡರು. ಆ ವಿಚಾರಣೆಯ ಕಾಗದದಲ್ಲಿ ನನ್ನ ಹೆಸರು, ಬೆಡ್ ಸಂಖ್ಯೆ, ಕೇಸ್ ಶೀಟಿನ ಸಾಲು ಎಲ್ಲ ಇದ್ದವು, ನಾನು ಎಷ್ಟು ಹೊತ್ತಿನಿಂದ ಎದ್ದಿದ್ದೆನೆಂಬುದು ಇರಲಿಲ್ಲ.

ಆದ್ದರಿಂದ ಮನಸ್ಸು ಗಟ್ಟಿ ಮಾಡಿಕೊಳ್ಳುವ ನಿಮ್ಮ ಯೋಚನೆಯನ್ನೇ ನಾನು ಒಪ್ಪುವುದಿಲ್ಲ. ಆ ನಸುಕಿನಲ್ಲಿ ನನ್ನ ಮನಸ್ಸು ಬೇಕಾದಷ್ಟು ಗಟ್ಟಿಯಾಗಿತ್ತು. ಒಬ್ಬ ತಾಯಿಯ ಮಾತು ಒಳಗಿಳಿಯದಷ್ಟು ಗಟ್ಟಿಯಾಗಿತ್ತು. 1997ರಲ್ಲಿ ಡಾಸನ್ ಮತ್ತು ರೀಡ್ ಎಂಬ ಆಸ್ಟ್ರೇಲಿಯಾದ ಸಂಶೋಧಕರು, 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ 0.05 ಶೇಕಡಾ ಮದ್ಯವಿದ್ದವರ ಮಟ್ಟಕ್ಕೂ, 24 ಗಂಟೆ ಎಚ್ಚರವಿದ್ದವರದು ಸುಮಾರು 0.10 ಶೇಕಡಾದ ಮಟ್ಟಕ್ಕೂ ಕುಸಿಯುತ್ತದೆಂದು ತೋರಿಸಿದರು. ನಮ್ಮ ದೇಶದಲ್ಲಿ ವಾಹನ ಚಾಲಕನಿಗೆ ಇರುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ 0.03 ಶೇಕಡಾ. ಹೆದ್ದಾರಿಯಲ್ಲಿ ಕುಡಿದು ಓಡಿಸಿದವನ ರಕ್ತದ ಮಾದರಿಯನ್ನು ಪೊಲೀಸರಿಗಾಗಿ ತೆಗೆಯುತ್ತಿರುವ ವೈದ್ಯ ಅವನಿಗಿಂತ ಕೆಟ್ಟ ಸ್ಥಿತಿಯಲ್ಲಿರಬಹುದು, ಆದರೆ ಆ ವೈದ್ಯನನ್ನು ಯಾರೂ ಊದಿಸಿ ನೋಡುವುದಿಲ್ಲ. ಆಸ್ಪತ್ರೆಯಲ್ಲಿ ತರಬೇತಿಯಲ್ಲಿರುವ ರೆಸಿಡೆಂಟ್ ವೈದ್ಯರಿಗೆ ಒಂದೇ ಸಮನೆ 12 ಗಂಟೆ, ವಾರಕ್ಕೆ 48 ಗಂಟೆ ಸಾಮಾನ್ಯವಾಗಿ ಮೀರಬಾರದೆಂದು ಕೇಂದ್ರ ಸರ್ಕಾರ 1992ರಲ್ಲೇ ಹೇಳಿದೆ. ಖಾಸಗಿ ಆಸ್ಪತ್ರೆಯ ಡ್ಯೂಟಿ ಡಾಕ್ಟರಿಗೆ ಅದು ಅನ್ವಯಿಸುವುದಿಲ್ಲವೆಂದು ನಿಮಗೆ ಹೇಳುತ್ತಾರೆ. ಸ್ನಾಯು, ನರ, ನಿದ್ದೆಗಳು ರೆಸಿಡೆಂಟರಿಗೂ ನಿಮಗೂ ಒಂದೇ.

ನಾನು ಆಮೇಲೆ ಚಿತ್ರದುರ್ಗಕ್ಕೆ ಹೋದೆ. ಅಲ್ಲಿಯ ಆಸ್ಪತ್ರೆ ಚಿಕ್ಕದು, ಸಂಬಳವೂ ಕಡಿಮೆ, ಆದರೆ ಪಾಳಿ 12 ಗಂಟೆಯದು, ಮತ್ತು ಬದಲಿ ವೈದ್ಯರು ಅರ್ಧ ಗಂಟೆ ಮೊದಲೇ ಬರಬೇಕೆಂಬ ಕಟ್ಟುನಿಟ್ಟಿತ್ತು. ಇಬ್ಬರೂ ಸಿಸ್ಟರ್ ಜೊತೆಗೆ ಪ್ರತಿ ಹಾಸಿಗೆಯ ಬಳಿ ನಿಂತು, ರೋಗಿಯ ಕಡೆಯವರ ಎದುರಿಗೇ ಒಪ್ಪಿಸಬೇಕು, ಕೊನೆಗೆ ಅವರನ್ನೇ "ನೀವು ಏನಾದರೂ ನೋಡಿದಿರಾ?" ಎಂದು ಕೇಳಬೇಕು. ಮೊದಮೊದಲು ನನಗೆ ಇದು ಅತಿಯೆನಿಸಿತ್ತು. ಚಳ್ಳಕೆರೆ ಕಡೆಯಿಂದ ಶೇಂಗಾ ಕೀಳುವಾಗ ಹಾವು ಕಚ್ಚಿದವರು ಬರುತ್ತಿದ್ದರು. ಕೊಳಕುಮಂಡಲದ ಅನುಮಾನವಿದ್ದರೆ ಒಣಗಿದ, ಸ್ವಚ್ಛವಾದ ಗಾಜಿನ ಕೊಳವೆಯಲ್ಲಿ ಸ್ವಲ್ಪ ರಕ್ತ ತೆಗೆದು, ಅಲುಗಾಡಿಸದೆ 20 ನಿಮಿಷ ಇಟ್ಟು, ಆಮೇಲೆ ವಾಲಿಸಿ ಹೆಪ್ಪುಗಟ್ಟಿದೆಯೇ ನೋಡಬೇಕು; ಗಟ್ಟದಿದ್ದರೆ ವಿಷನಿರೋಧಕ ಚುಚ್ಚುಮದ್ದು ಕೂಡಲೇ ಶುರುವಾಗಬೇಕು. ಇಷ್ಟು ಸರಳ ಪರೀಕ್ಷೆಯೂ ಪಾಳಿ ಬದಲಾಗುವ ಹೊತ್ತಿನಲ್ಲಿ ಕೆಡುತ್ತದೆ: ಕೊಳವೆ ಕಿಟಕಿಯಂಚಿನಲ್ಲಿ ಇರುತ್ತದೆ, ಇಟ್ಟವರು ಮನೆಗೆ ಹೋಗಿರುತ್ತಾರೆ, ಎಷ್ಟು ಹೊತ್ತಿಗೆ ಇಟ್ಟರೆಂದು ಬಂದವರಿಗೆ ತಿಳಿಯದು, ಯಾರೋ ಕೈಗೆತ್ತಿಕೊಂಡು ಅಲುಗಾಡಿಸಿಬಿಡುತ್ತಾರೆ. ಅಲ್ಲಿಯ ಹಿರಿಯ ಸಿಸ್ಟರ್ ಒಬ್ಬರು ಕೊಳವೆಗೆ ಪ್ಲಾಸ್ಟರ್ ಚೂರು ಅಂಟಿಸಿ, ರೋಗಿಯ ಹೆಸರನ್ನೂ ನೋಡಬೇಕಾದ ಗಳಿಗೆಯನ್ನೂ ಪೆನ್ನಿನಲ್ಲಿ ಬರೆಯುತ್ತಿದ್ದರು. ನನಗೆ ಎಮರ್ಜೆನ್ಸಿ ಕೆಲಸ ಕಲಿಸಿದವರಲ್ಲಿ ಅವರನ್ನು ನಾನು ಪ್ರೊಫೆಸರುಗಳಿಗಿಂತ ಮೇಲೆ ಇಡುತ್ತೇನೆ.

ಗಲಾಟೆಯ ಬಗ್ಗೆ ಕೇಳಿದ್ದೀರಿ. ವೈದ್ಯಕೀಯ ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದರೆ ಸೆರೆವಾಸ ವಿಧಿಸುವ 2009ರ ಕಾನೂನು ನಮ್ಮ ರಾಜ್ಯದಲ್ಲಿದೆ, ಅದರ ಫಲಕವೂ ಗೋಡೆಯ ಮೇಲಿರುತ್ತದೆ. ಉದ್ರಿಕ್ತರಾದ ಅಣ್ಣ ತಮ್ಮಂದಿರು ಫಲಕ ಓದುವುದಿಲ್ಲ. ಬಂದವರಲ್ಲಿ ಹಿರಿಯರೊಬ್ಬರನ್ನು ಗುರುತಿಸಿ, ಒಳಗೆ ಏನು ನಡೆಯುತ್ತಿದೆಯೆಂದು ನೀವೇ ಹೊರಬಂದು ಆಗಾಗ ಹೇಳುತ್ತಿದ್ದರೆ ಜಗಳ ಅರ್ಧಕ್ಕರ್ಧ ಇಳಿಯುತ್ತದೆ. ನಿದ್ದೆಗೆಟ್ಟವರು ಮೊದಲು ಬಿಡುವುದು ಇದನ್ನೇ.

ಪಿ.ಜಿ. ಪ್ರವೇಶ ಪರೀಕ್ಷೆಗೆ ಓದಿಕೊಂಡು ಮನೆಯಲ್ಲಿರಲೇ, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಲೇ ಎಂದೂ ಬರೆದಿದ್ದೀರಿ. ಅದು ನಿಮ್ಮ ಮನೆಯ ಪರಿಸ್ಥಿತಿಗೆ ಬಿಟ್ಟದ್ದು, ನನ್ನಲ್ಲಿ ಅದಕ್ಕೆ ಉತ್ತರವಿಲ್ಲ. 24 ಗಂಟೆ ಡ್ಯೂಟಿ ಮಾಡುತ್ತಾ, ರಾತ್ರಿ ರೋಗಿಗಳಿಲ್ಲದಾಗ ಓದುತ್ತೇನೆ ಎನ್ನುವ ಮೂರನೆಯ ಯೋಚನೆಯನ್ನಂತೂ ಬಿಟ್ಟುಬಿಡಿ, ರೋಗಿಗಳಿಲ್ಲದಾಗ ಮಲಗಬೇಕು. ಮೂಲ ಅಂಕಪಟ್ಟಿಗಳನ್ನು ಒತ್ತೆ ಇಟ್ಟುಕೊಳ್ಳುವ ಆಸ್ಪತ್ರೆಗೆ ಸೇರಲೇಬೇಡಿ, ಮುಂದುವರಿಯಲಾರೆ ಎಂದು ಹೇಳುವ ಧೈರ್ಯ ಅಲ್ಲಿಗೇ ಹೋಗುತ್ತದೆ.

ಕ್ಯಾಷುವಾಲ್ಟಿಯೇ ಬೇಕೆಂದಿದ್ದರೆ, ಸಹಿ ಹಾಕುವ ಮೊದಲು ಒಂದು ದಿನ ಬೆಳಗ್ಗೆ ಏಳೂವರೆಗೆ ಹೋಗಿ, ಯಾರಿಗೂ ಹೇಳದೆ, ಹೊರಗಿನ ಬೆಂಚಿನ ಮೇಲೆ ರೋಗಿಯ ಕಡೆಯವರಂತೆ ಕುಳಿತುಕೊಳ್ಳಿ. ಬದಲಿ ವೈದ್ಯರು ಎಷ್ಟಕ್ಕೆ ಬರುತ್ತಾರೆ, ಇಬ್ಬರೂ ಹಾಸಿಗೆಗಳ ಬಳಿಗೆ ಹೋಗುತ್ತಾರೋ ಅಥವಾ ಬಾಗಿಲಲ್ಲೇ ಮುಗಿಸುತ್ತಾರೋ, ಸಿಸ್ಟರ್ ಜೊತೆಗಿರುತ್ತಾರೋ ನೋಡಿ. ಆಮೇಲೆ ಒಳಗೆ ಹೋಗಿ ಆಡಳಿತದವರನ್ನು ಒಂದೇ ಪ್ರಶ್ನೆ ಕೇಳಿ: ಬದಲಿಯವರು ಬಾರದ ದಿನ ನನ್ನ ಜಾಗಕ್ಕೆ ಯಾರು ಬರುತ್ತಾರೆ? ಒಬ್ಬ ವೈದ್ಯರ ಹೆಸರು ಹೇಳಿದರೆ ಮುಂದಿನ ಮಾತು, ಸಂಬಳದ ಮಾತು. "ಅಡ್ಜಸ್ಟ್ ಮಾಡ್ಕೊಂಡು ಹೋಗ್ಬೇಕಾಗುತ್ತೆ ಡಾಕ್ಟ್ರೇ" ಎಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ.