ಲೆಕ್ಕ ಪಕ್ಕಾ, ಮೇಲ್‌ನಲ್ಲಿ ಮಾತ್ರ ತಪ್ಪು

ಪ್ರಶ್ನೆ: ನಾನು ಕಾಪು ಕಡೆಯವಳು. ಬಿಕಾಂ ಮುಗಿಸಿ ಮಂಗಳೂರಿನ ಹಂಪನಕಟ್ಟೆಯ ಒಂದು ಲೆಕ್ಕಪತ್ರದ ಆಫೀಸಿನಲ್ಲಿ ನಾಲ್ಕು ವರ್ಷದಿಂದ ಇದ್ದೇನೆ. ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿ ಮಾಡಿದವಳಲ್ಲ. ಆದರೆ ಗ್ರಾಹಕರ ಜೊತೆ ವ್ಯವಹರಿಸುವ ಮೇಲಿನ ಹುದ್ದೆ ನನ್ನ ನಂತರ ಸೇರಿದ ಹುಡುಗಿಗೆ ಹೋಯಿತು. ನನ್ನ ಇಂಗ್ಲಿಷ್ ಮೇಲ್‌ಗಳಲ್ಲಿ ತಪ್ಪು ಜಾಸ್ತಿಯಂತೆ. ಮನೆಯಲ್ಲಿ ತುಳು, ಓದಿದ್ದು ಕನ್ನಡ ಮೀಡಿಯಂ. ಇದು ಅನ್ಯಾಯ ಅಲ್ವಾ? ಕೆಲಸ ಬಿಡಲಾ?

ಉತ್ತರ: ನಿಮಗೆ ಬೇಸರ ಆಗದೆ ಇರುತ್ತದಾ? ಆಫೀಸಿನವರು ನಾಲ್ಕು ವರ್ಷ ಸುಮ್ಮನಿದ್ದು ಬಡ್ತಿಯ ಹೊತ್ತಿಗೆ ನಿಮ್ಮ ತಪ್ಪು ಹೇಳಿದ್ದು ಸರಿಯಲ್ಲ. ಆದರೂ ಕೆಲಸ ಬಿಡಬೇಡಿ. ಬೇರೆ ಕಡೆ ಅರ್ಜಿ ಹಾಕಿದರೆ ಅಲ್ಲಿಗೂ ನಿಮಗಿಂತ ಮೊದಲು ನಿಮ್ಮ ಬರಹವೇ ಹೋಗುತ್ತದೆ.

ಗ್ರಾಹಕರು ನಿಮ್ಮ ಲೆಜರ್ ನೋಡುವುದಿಲ್ಲ. ಅವರ ಕೈಗೆ ಸಿಗುವುದು ಒಂದು ಮೇಲ್. ಅದರಲ್ಲಿ ಅವರ ಹೆಸರೇ ತಪ್ಪಿದ್ದರೆ, ಜಿಎಸ್‌ಟಿ ನಂಬರ್ ಆದರೂ ಸರಿ ಹಾಕಿದ್ದಾರಾ ಎಂಬ ಅನುಮಾನ ಬರುತ್ತದೆ. ಅನುಮಾನ ಬಂದವರು ಜಗಳಕ್ಕೆ ಬರುವುದಿಲ್ಲ, ಸುಮ್ನೆ ಬೇರೆ ಆಫೀಸಿಗೆ ಹೋಗುತ್ತಾರೆ. ಕೆಲವು ತಪ್ಪಿಗೆ ಕಾನೂನಿನ ಪೆಟ್ಟೂ ಇದೆ. ಚೆಕ್ಕಿನಲ್ಲಿ ಅಂಕಿಗೂ ಅಕ್ಷರಕ್ಕೂ ತಾಳೆಯಾಗದಿದ್ದರೆ, 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಅಕ್ಷರದಲ್ಲಿ ಬರೆದದ್ದೇ ಮೊತ್ತ. ಐವತ್ತು ಸಾವಿರ ಬರೆಯುವಲ್ಲಿ ಐದು ಸಾವಿರ ಅಂತ ಬಿದ್ದರೆ, ಪಕ್ಕದಲ್ಲಿ 50,000 ಇದ್ದರೂ ಉಪಯೋಗವಿಲ್ಲ.

ತುಳು ಮನೆ, ಕನ್ನಡ ಮೀಡಿಯಂ ಅಂತ ಕುಗ್ಗಬೇಡಿ. ನಮ್ಮೂರಲ್ಲಿ ಮನೆಗೊಂದು, ಪೇಟೆಗೊಂದು, ಆಫೀಸಿಗೊಂದು ಭಾಷೆ ಇಟ್ಟುಕೊಂಡವರೇ ಎಲ್ಲ ಕಡೆ. ಫರ್ಡಿನಂಡ್ ಕಿಟೆಲ್ ಜರ್ಮನಿಯಿಂದ ಬಂದು ಕನ್ನಡ ಕಲಿತವರು. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದು ಇದೇ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಕಲಿತ ಭಾಷೆಯಲ್ಲೂ ಅಷ್ಟು ಅಚ್ಚುಕಟ್ಟಾಗಿ ಬರೆಯಬಹುದು.

ನೀವು ಕಳಿಸಿದ ಮೂಲ ಪತ್ರವನ್ನು ಎರಡು ಸಲ ಓದಿದೆ. ಒಂದೇ ಪದ ಮೇಲೆ ಸರಿಯಾಗಿದೆ, ಕೆಳಗೆ ತಪ್ಪಾಗಿದೆ. ಅಂದರೆ ನಿಮಗೆ ಗೊತ್ತಿದೆ, ಬರೆದ ಮೇಲೆ ತಿರುಗಿ ಓದಿಲ್ಲ. ದಿನದ ಲೆಕ್ಕವನ್ನು ಟ್ಯಾಲಿ ಮಾಡದೆ ನೀವು ಎದ್ದು ಹೋಗುತ್ತೀರಾ? ಮೇಲ್‌ಗೂ ಅದೇ ಶಿಸ್ತು ಬೇಕು. ಬರೆದ ಕೂಡಲೇ ಓದಿದರೆ ತಪ್ಪು ಕಾಣುವುದಿಲ್ಲ, ಮನಸ್ಸಿನಲ್ಲಿ ಇದ್ದದ್ದನ್ನೇ ಕಣ್ಣು ಓದಿಬಿಡುತ್ತದೆ. ಒಂದು ಚಾ ಕುಡಿದು ಬಂದು, ತುಟಿ ಅಲುಗಿಸಿ ನಿಧಾನ ಓದಿ. ಉದ್ದದ ವಾಕ್ಯ ಸಿಕ್ಕಿದರೆ ಎರಡು ಮಾಡಿ, ವ್ಯಾಕರಣದ ಅರ್ಧ ತೊಂದರೆ ಅಲ್ಲೇ ಕಡಿಮೆಯಾಗುತ್ತದೆ. ಹೆಸರು, ತಾರೀಕು, ಮೊತ್ತವನ್ನು ಮಾತ್ರ ಇನ್ನೊಮ್ಮೆ ಬೇರೆಯಾಗಿ ನೋಡಿ. ಕಂಪ್ಯೂಟರಿನ ಕೆಂಪು ಗೆರೆಯನ್ನೇ ನಂಬಬೇಡಿ. ಜುಲೈ 31ರ ಬದಲು ಜುಲೈ 13 ಅಂತ ಬಿದ್ದರೆ ಅದು ಏನೂ ಹೇಳುವುದಿಲ್ಲ.

ಈ ವಾರವೇ ನಿಮ್ಮ ಮೇಲಧಿಕಾರಿಯ ಹತ್ತಿರ ಹೋಗಿ. ತಪ್ಪಿದ್ದ ಹಳೆಯ ಮೇಲ್‌ಗಳನ್ನು ತೋರಿಸಿ ಅಂತ ಕೇಳಿ. ಒಬ್ಬಿಬ್ಬರು ಗ್ರಾಹಕರ ಪತ್ರವ್ಯವಹಾರ ಮೂರು ತಿಂಗಳು ನನಗೆ ಕೊಡಿ, ಕಳಿಸುವ ಮೊದಲು ತೋರಿಸುತ್ತೇನೆ ಅಂತ ಹೇಳಿ. ಆ ಹುಡುಗಿಯ ಮೇಲೆ ಸಿಟ್ಟು ಬೇಡ. ಅವಳ ಲೆಕ್ಕ ನೀವು ನೋಡಿಕೊಡಿ, ನಿಮ್ಮ ಮೇಲ್ ಅವಳು ಓದಲಿ.