ಕೋಡ್ ಕಟ್ಟೆ: ಆ 15 ಎರಡು ಸಲ ಬಂದಿದ್ದೆಲ್ಲಿಂದ?

ಪ್ರಶ್ನೆ: ಮೇಡಂ, ನಾನು ಬಿ.ಕಾಂ. ಓದುತ್ತಿದ್ದೇನೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ನಾನೇ ಕಲಿಯುತ್ತಿದ್ದೇನೆ. ಪ್ರೋಗ್ರಾಂ ಬರೆದು ಬಿಡಿಸುವ ಲೆಕ್ಕಗಳ ವೆಬ್‌ಸೈಟ್ ಪ್ರಾಜೆಕ್ಟ್ ಆಯ್ಲರ್‌ನ ಮೊದಲನೇ ಲೆಕ್ಕದಲ್ಲೇ ಮೂರು ದಿನದಿಂದ ಸಿಕ್ಕಿಕೊಂಡಿದ್ದೇನೆ. 1000ಕ್ಕಿಂತ ಚಿಕ್ಕದಾದ, 3 ಅಥವಾ 5ರಿಂದ ಭಾಗವಾಗುವ ಸಂಖ್ಯೆಗಳನ್ನೆಲ್ಲ ಕೂಡಬೇಕು. ಅವರೇ ಕೊಟ್ಟ ಉದಾಹರಣೆಗೆ ನನ್ನ ಪ್ರೋಗ್ರಾಂ ಸರಿಯಾಗಿ ಉತ್ತರ ಕೊಡುತ್ತದೆ. 1000ಕ್ಕೆ ಮಾತ್ರ 266333 ಬರುತ್ತದೆ, ತಪ್ಪು ಅನ್ನುತ್ತದೆ. ಒಂದು ಗುಂಪಿನಲ್ಲಿ ‘ಪ್ಲೀಸ್ ಹೆಲ್ಪ್, ಆನ್ಸರ್ ರಾಂಗ್ ಬರ್ತಿದೆ’ ಎಂದು ಹಾಕಿದೆ. ಒಬ್ಬರು ಪೂರ್ತಿ ಕೋಡ್ ಕಳಿಸಿದರು. ಇನ್ನೊಬ್ಬರು ‘ಮೊದಲು ಬೇಸಿಕ್ಸ್ ಕಲಿ’ ಎಂದರು. ಎರಡರಿಂದಲೂ ನನಗೇನೂ ತಿಳಿಯಲಿಲ್ಲ.
- ಓದುಗರು, ಅರಸೀಕೆರೆ

ಉತ್ತರ: 266333! ಈ ಸಂಖ್ಯೆ ನೋಡಿ ನನಗೆ ಹಳೇ ನೆಂಟರು ಬಸ್ಸಿಳಿದ ಹಾಗಾಯಿತು. ನನ್ನ ಹಳೆಯ ನೋಟ್‌ಬುಕ್ಕಿನಲ್ಲೂ ಇದೇ ಸಂಖ್ಯೆ ಇದೆ, ಸುತ್ತ ಸಿಟ್ಟಿನಲ್ಲಿ ಎಳೆದ ನಾಲ್ಕು ಗೆರೆಗಳ ಸಮೇತ. ಹಾಗಾಗಿ ನೀವು ಕೋಡ್ ಕಳಿಸದಿದ್ದರೂ ಏನು ಬರೆದಿದ್ದೀರಿ ಅಂತ ಹೇಳಬಲ್ಲೆ. ಒಂದು ಲೂಪ್, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸಾಲುಗಳು, ಹಾಕಿ 3ರ ಮಗ್ಗಿಯನ್ನೆಲ್ಲ ಕೂಡಿದ್ದೀರಿ. ಇನ್ನೊಂದು ಲೂಪ್ ಹಾಕಿ 5ರ ಮಗ್ಗಿಯನ್ನೆಲ್ಲ ಕೂಡಿದ್ದೀರಿ. ಆಮೇಲೆ ಎರಡನ್ನೂ ಸೇರಿಸಿದ್ದೀರಿ. ಅಲ್ವಾ?

ಈಗ ಕಂಪ್ಯೂಟರ್ ಮುಚ್ಚಿ, ಒಂದು ಹಾಳೆ ತೆಗೆದುಕೊಳ್ಳಿ. 1000 ಬೇಡ, 20 ಸಾಕು. 20ಕ್ಕಿಂತ ಚಿಕ್ಕದಾದ ಸಂಖ್ಯೆಗಳನ್ನು ಕೈಯಲ್ಲೇ ಬರೆಯಿರಿ: 3, 5, 6, 9, 10, 12, 15, 18. ಕೂಡಿದರೆ 78. ನಿಮ್ಮ ಪ್ರೋಗ್ರಾಮಿಗೆ 20 ಕೊಟ್ಟರೆ ಅದು 93 ಅನ್ನುತ್ತದೆ. 15 ಜಾಸ್ತಿ. ಆ 15 ಎಲ್ಲಿಂದ ಬಂತು? 3ರ ಮಗ್ಗಿಯಲ್ಲೂ ಅದು ಇದೆ, 5ರ ಮಗ್ಗಿಯಲ್ಲೂ ಇದೆ. ಮದುವೆ ಊಟದ ಲೆಕ್ಕ ಹಾಕುವಾಗ ಗಂಡಿನ ಕಡೆಯ ಪಟ್ಟಿಯಲ್ಲೂ ಹೆಣ್ಣಿನ ಕಡೆಯ ಪಟ್ಟಿಯಲ್ಲೂ ಒಬ್ಬನೇ ಸೋದರಮಾವ ಇರುತ್ತಾನೆ ನೋಡಿ, ಹಾಗೆ. ಇಬ್ಬರೂ ಅವನಿಗೆ ಎಲೆ ಹಾಕಿಸುತ್ತಾರೆ.

ಅವರ ಉದಾಹರಣೆ ಸರಿ ಬಂದಿದ್ದು ಯಾಕೆ ಅಂತ ಈಗ ಗೊತ್ತಾಗುತ್ತದೆ. ಅದು 10ರ ಒಳಗಿನ ಲೆಕ್ಕ: 3, 5, 6, 9 ಸೇರಿ 23. ಅಲ್ಲಿ ಆ ಸೋದರಮಾವ ಇನ್ನೂ ಬಂದೇ ಇಲ್ಲ! ಉದಾಹರಣೆ ಪಾಸಾಯಿತು ಅಂದರೆ ಕೋಡ್ ಸರಿ ಅಂತ ನಂಬುವುದು ಹೊಸಬರೆಲ್ಲ ಬೀಳುವ ಹಳ್ಳ. 1000ದ ಒಳಗೆ 15, 30, 45 ಹೀಗೆ 990ರವರೆಗೆ 66 ಸಂಖ್ಯೆಗಳು ಎರಡೆರಡು ಸಲ ಬಂದಿವೆ. ಅವುಗಳ ಮೊತ್ತ 33165. ನಿಮ್ಮ ಉತ್ತರ ಸರಿಯಾಗಿ ಅಷ್ಟೇ ಜಾಸ್ತಿ ಇದೆ. ಒಂದೇ ಲೂಪ್ ಹಾಕಿ, ಒಳಗೆ ಒಂದೇ ಇಫ್ (ಷರತ್ತು) ಇಟ್ಟು, 3ರ ಮತ್ತು 5ರ ಷರತ್ತುಗಳ ಮಧ್ಯೆ ‘ಆರ್’ (or, ಅಂದರೆ ‘ಅಥವಾ’) ಬಳಸಿ. ಉತ್ತರವನ್ನು ನಾನು ಬರೆಯುವುದಿಲ್ಲ, ನೀವೇ ನೋಡಿ ಖುಷಿಪಡಿ.

ಪ್ರಾಜೆಕ್ಟ್ ಆಯ್ಲರ್ 2001ರಿಂದ ಇದೆ. ಅಲ್ಲಿ ಯಾರೂ ನಿಮ್ಮ ಕೋಡ್ ಕೇಳುವುದಿಲ್ಲ. ಕೊನೆಯ ಸಂಖ್ಯೆ ಹಾಕಬೇಕು, ಸರಿ ಅಥವಾ ತಪ್ಪು ಅನ್ನುತ್ತದೆ, ಮುಗಿಯಿತು. ಹಾಗಾಗಿ ಸಹಾಯಕ್ಕೆ ಹೊರಗೆ ಬರಲೇಬೇಕಾಗುತ್ತದೆ. ಮೊದಲ 100 ಲೆಕ್ಕಗಳ ಪರಿಹಾರವನ್ನು ಹೊರಗೆ ಚರ್ಚಿಸಲು ಅವರೇ ಒಪ್ಪಿದ್ದಾರೆ, ಆಮೇಲಿನವನ್ನು ಬಯಲು ಮಾಡಬೇಡಿ ಅನ್ನುತ್ತಾರೆ. ನಿಮ್ಮದು ಮೊದಲನೆಯದೇ ಆದ್ದರಿಂದ ನಾನು ಇಷ್ಟು ಧೈರ್ಯವಾಗಿ ಬರೆದೆ.

ಇನ್ನು ಗುಂಪಿನ ವಿಷಯ. ‘ಬೇಸಿಕ್ಸ್ ಕಲಿ’ ಅಂದವರ ಮಾತು ಬಿಡಿ, ಅಂಥವರು ಎಲ್ಲ ಕಡೆ ಇರುತ್ತಾರೆ. ಆದರೆ ನೀವು ಹಾಕಿದ ಆ ಒಂದು ಸಾಲಿಗೆ ನಾನಿದ್ದರೂ ಏನು ಉತ್ತರ ಕೊಡಲಿ? ನನಗೆ ಬರೆದ ಪತ್ರವನ್ನೇ ಅಲ್ಲೂ ಹಾಕಬಹುದಿತ್ತು. ಜೊತೆಗೆ ಇಷ್ಟು ಸೇರಿಸಿ: ‘20 ಕೊಟ್ಟರೆ 78 ಬರಬೇಕು, 93 ಬರುತ್ತಿದೆ. ಉತ್ತರ ಬೇಡ, ಎಲ್ಲಿ ನೋಡಬೇಕು ಅಂತ ಹೇಳಿ ಸಾಕು.’ ಕೆಳಗೆ ಕೋಡ್ ಹಾಕಿ. ಫೋನಿನಲ್ಲಿ ಹೊಡೆದ ಸ್ಕ್ರೀನಿನ ಫೋಟೋ ಬೇಡ, ಅದನ್ನು ಯಾರೂ ಕಾಪಿ ಮಾಡಿ ಓಡಿಸಿ ನೋಡಲು ಆಗುವುದಿಲ್ಲ. ಪೈಥಾನಿನಲ್ಲಿ ಸಾಲಿನ ಮುಂದೆ ಬಿಟ್ಟ ಜಾಗ ಹೋದರೆ ಅರ್ಥವೇ ಬದಲಾಗುತ್ತದೆ. ಕೀಬೋರ್ಡಿನಲ್ಲಿ 1ರ ಎಡಕ್ಕೆ ಬ್ಯಾಕ್‌ಟಿಕ್ ಅನ್ನುವ ಚಿಹ್ನೆ ಇದೆ. ಕೋಡಿನ ಹಿಂದೆ ಮೂರು, ಮುಂದೆ ಮೂರು ಹಾಕಿದರೆ ವಾಟ್ಸ್‌ಆ್ಯಪಿನಲ್ಲೂ ಅದು ಕೋಡಿನ ಹಾಗೆ ಕಾಣಿಸುತ್ತದೆ.

ಪ್ರಶ್ನೆ: ಕೋಡಿಂಗ್ ಅಭ್ಯಾಸದ ವೆಬ್‌ಸೈಟ್ ಹ್ಯಾಕರ್‌ರ‍್ಯಾಂಕ್‌ನಲ್ಲಿ ಎರಡು ಸಂಖ್ಯೆ ಕೂಡುವ ಪ್ರೋಗ್ರಾಂ ಕೂಡ ರಾಂಗ್ ಆನ್ಸರ್ ಬರುತ್ತಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಓಡುತ್ತದೆ. ಕಾಲೇಜಿನಲ್ಲಿ ಕಲಿಸಿದ ಹಾಗೇ ಬರೆದಿದ್ದೇನೆ.
- ಬಿ.ಸಿ.ಎ. ವಿದ್ಯಾರ್ಥಿ, ಗದಗ

ಉತ್ತರ: ಕಾಲೇಜಿನಲ್ಲಿ ಕಲಿಸಿದ ಹಾಗೇ ಬರೆದಿದ್ದೇ ತೊಂದರೆ. ಇನ್‌ಪುಟ್ ತೆಗೆದುಕೊಳ್ಳುವ ಸಾಲಿನಲ್ಲಿ ‘ಎಂಟರ್ ಫಸ್ಟ್ ನಂಬರ್’ ಎಂದು ಬರೆದಿದ್ದೀರಿ, ನೋಡಿ. ಲ್ಯಾಬಿನಲ್ಲಿ ಅದು ಮರ್ಯಾದೆ. ಇಲ್ಲಿ ನಿಮ್ಮ ಉತ್ತರ ನೋಡುವುದು ಮನುಷ್ಯರಲ್ಲ, ಇನ್ನೊಂದು ಪ್ರೋಗ್ರಾಂ. 3 ಮತ್ತು 5 ಕೊಟ್ಟರೆ ಅದು 8 ಅಂತ ಒಂದೇ ಅಂಕಿ ಕಾಯುತ್ತಾ ಕೂತಿರುತ್ತದೆ. ನೀವು ಮುದ್ರಿಸಿದ ಆ ವಾಕ್ಯವೂ ಉತ್ತರದ ಭಾಗ ಅಂದುಕೊಂಡು ತಪ್ಪು ಅನ್ನುತ್ತದೆ. ಆವರಣದೊಳಗಿನ ವಾಕ್ಯ ಅಳಿಸಿ. ಇನ್‌ಪುಟ್ಟನ್ನು ಇಂಟ್ (ಅಕ್ಷರದಿಂದ ಪೂರ್ಣಸಂಖ್ಯೆ) ಮಾಡಿದ್ದೀರಾ ಅಂತಲೂ ನೋಡಿಕೊಳ್ಳಿ. ಇಲ್ಲದಿದ್ದರೆ 3ಕ್ಕೆ 5 ಸೇರಿ 35 ಆಗುತ್ತದೆ.

ಪ್ರಶ್ನೆ: ಪಟ್ಟಿಯಲ್ಲಿ ಒಂದೇ ಸಂಖ್ಯೆ ಎರಡು ಸಲ ಬಂದಿದೆಯಾ ಅಂತ ಹೇಳಬೇಕಿತ್ತು. ಪಟ್ಟಿಯಲ್ಲಿ 2 ಲಕ್ಷ ಸಂಖ್ಯೆಗಳಿರಬಹುದು, ಸಮಯ 2 ಸೆಕೆಂಡ್. ಟೈಮ್ ಲಿಮಿಟ್ ಎಕ್ಸೀಡೆಡ್ (ಸಮಯ ಮೀರಿತು) ಅಂತ ಬಂತು. ಅದು ಆನ್‌ಲೈನ್ ಕೋಡಿಂಗ್ ಸ್ಪರ್ಧೆ. ಮುಗಿಯಲು ಇಪ್ಪತ್ತು ನಿಮಿಷ ಇದ್ದಾಗ ಗುಂಪಿನಲ್ಲಿ ಸಹಾಯ ಕೇಳಿದೆ. ನನ್ನನ್ನೇ ಗುಂಪಿನಿಂದ ತೆಗೆದುಹಾಕಿದರು!
- ಡಿಪ್ಲೊಮಾ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ತೆಗೆದುಹಾಕಿದ್ದು ಸರಿಯೇ ಮಾರಾಯರೇ. ಸ್ಪರ್ಧೆ ನಡೆಸುವ ಸೈಟು ಕೋಡ್‌ಫೋರ್ಸಸ್ ಇರಲಿ, ಕೋಡ್‌ಶೆಫ್ ಇರಲಿ, ಸ್ಪರ್ಧೆ ನಡೆಯುವಾಗ ಲೆಕ್ಕದ ಬಗ್ಗೆ ಬೇರೆಯವರ ಜೊತೆ ಮಾತಾಡುವಂತಿಲ್ಲ. ಪರೀಕ್ಷೆ ಕೋಣೆಯಿಂದ ಕಿಟಕಿಗೆ ಚೀಟಿ ಎಸೆದ ಹಾಗೆ ಅದು. ಮುಗಿದ ಮೇಲೆ ಎಷ್ಟು ಬೇಕಾದರೂ ಕೇಳಿ. ಹೇಗೆ ಬಿಡಿಸುವುದು ಅಂತ ಸಾಮಾನ್ಯವಾಗಿ ಎಡಿಟೋರಿಯಲ್ ಕೂಡ ಬರುತ್ತದೆ. ಸ್ಪರ್ಧೆಯಲ್ಲಿ ಆಗದ ಲೆಕ್ಕವನ್ನು ಮಾರನೇ ದಿನ ಕೂತು ಬಿಡಿಸುವುದಕ್ಕೆ ಈ ಮಂದಿ ‘ಅಪ್‌ಸಾಲ್ವಿಂಗ್’ ಅನ್ನುತ್ತಾರೆ. ನನ್ನ ಕೇಳಿದರೆ ಅಸಲಿ ಕಲಿಕೆ ಆಗುವುದು ಅಲ್ಲೇ.

ನಿಮ್ಮ ಕೋಡ್ ಪ್ರತಿ ಸಂಖ್ಯೆ ಬಂದಾಗಲೂ ಅಲ್ಲಿವರೆಗೆ ನೋಡಿದ ಸಂಖ್ಯೆಗಳ ಇಡೀ ಲಿಸ್ಟನ್ನು ಮೊದಲಿನಿಂದ ಹುಡುಕುತ್ತದೆ. ಒಂದೂ ಸಂಖ್ಯೆ ಮರುಕಳಿಸದಿದ್ದರೆ ಸುಮಾರು 2,000 ಕೋಟಿ ಸಲ ಹೋಲಿಸಬೇಕು. 2 ಸೆಕೆಂಡಿನಲ್ಲಿ ಪೈಥಾನಿನ ಕೈಲಿ ಆಗುವ ಮಾತಲ್ಲ. ದೇವಸ್ಥಾನದ ಬಾಗಿಲಲ್ಲಿ ಗುಡ್ಡೆ ಬಿದ್ದ ಚಪ್ಪಲಿಗಳಲ್ಲಿ ನಿಮ್ಮದನ್ನು ಹುಡುಕಿದ ಹಾಗೆ ಇದು. ಲಿಸ್ಟಿನ ಬದಲು ಸೆಟ್ ಬಳಸಿ. ಅದು ಟೋಕನ್ ಕೊಡುವ ಚಪ್ಪಲಿ ಸ್ಟ್ಯಾಂಡ್. ನಂಬರು ನೋಡಿ ನೇರ ಆ ಗೂಡಿಗೇ ಕೈ ಹಾಕುತ್ತದೆ. ನೋಡಿದ ಸಂಖ್ಯೆಗಳನ್ನು ಇಡುವ ಜಾಗ ಬದಲಾದರೆ ಸಾಕು, ಉಳಿದ ಕೋಡ್ ಹೆಚ್ಚುಕಮ್ಮಿ ಹಾಗೇ ಇರುತ್ತದೆ.

ಲೆಕ್ಕ ಓದುವಾಗಲೇ ಆ ‘2 ಲಕ್ಷ’ ಅನ್ನುವ ಮಾತಿನ ಮೇಲೆ ಬೆರಳಿಡಿ. ಸುಮ್ನೆ ಬರೆದಿರುವುದಿಲ್ಲ. ಲೂಪಿನೊಳಗೆ ಲೂಪ್ ಹಾಕಿದರೆ ನಡೆಯಲ್ಲ ಅಂತ ಅವರು ಕೊಡುವ ಸೂಚನೆ ಅದು.

ಪ್ರಶ್ನೆ: ನನ್ನ ಮಗ ಪಿ.ಯು.ಸಿ. ಓದುತ್ತಾನೆ. ರಾತ್ರಿಯೆಲ್ಲ ಕೋಡಿಂಗ್ ಲೆಕ್ಕ ಮಾಡುತ್ತಾನೆ. ಸಿಕ್ಕಿಕೊಂಡರೆ ಎರಡೇ ನಿಮಿಷಕ್ಕೆ ಚಾಟ್‌ಜಿಪಿಟಿ ಕೇಳಿ ಬರೆದುಬಿಡುತ್ತಾನೆ. ನನಗೆ ಕಂಪ್ಯೂಟರ್ ಬರುವುದಿಲ್ಲ. ನಾನು ಹೇಗೆ ಸಹಾಯ ಮಾಡಲಿ?
- ತಾಯಿ, ಶಿರಸಿ

ಉತ್ತರ: ನಿಮಗೆ ಕಂಪ್ಯೂಟರ್ ಬಾರದಿರುವುದೇ ಒಳ್ಳೆಯದಾಯಿತು. ಸಿಕ್ಕಿಕೊಂಡಾಗ ಅಡುಗೆಮನೆಗೆ ಬಂದು ಲೆಕ್ಕ ಏನು, ತಾನು ಏನು ಮಾಡಿದೆ ಅಂತ ನಿಮಗೆ ಕನ್ನಡದಲ್ಲಿ ಹೇಳಲಿ. ನೀವು ‘ಯಾಕೆ?’ ಅಂತ ಕೇಳುತ್ತಿರಿ, ಅಷ್ಟೇ. ಆಮೇಲೂ ಆಗದಿದ್ದರೆ ಚಾಟ್‌ಜಿಪಿಟಿಯನ್ನು ಕೇಳಲಿ, ಆದರೆ ಕೋಡ್ ಬೇಡ, ಒಂದು ಸುಳಿವು ಮಾತ್ರ ಕೊಡು ಅಂತ ಕೇಳಲಿ. ಚಪಾತಿ ಲಟ್ಟಿಸುತ್ತಾ ನಿಮಗೆ ವಿವರಿಸುವಾಗ ಅರ್ಧಕ್ಕೇ ‘ತಡಿಯಮ್ಮಾ, ಗೊತ್ತಾಯ್ತು’ ಎಂದು ಎದ್ದು ಓಡಿದರೆ ಬೈಯಬೇಡಿ. ಲಟ್ಟಣಿಗೆ ಮಾತ್ರ ಕೊಟ್ಟು ಹೋಗಲಿ.